ಪಹಣಿಯಲ್ಲಿ 1-20 ಅಂದ್ರೆ 1.20 ಎಕರೆ ಅಲ್ಲ! ಜಮೀನು ಲೆಕ್ಕ ಹೀಗೆ ಹಾಕಿ

ದೇವನಹಳ್ಳಿ, ಹೊಸಕೋಟೆ, ನೆಲಮಂಗಲ, ದೊಡ್ಡಬಳ್ಳಾಪುರ ತಾಲ್ಲೂಕುಗಳಲ್ಲಿ ಜಮೀನಿನ ಮಾತುಕತೆ ಎಕರೆ, ಗುಂಟೆಯಲ್ಲಿ ಶುರುವಾಗಿ ಚದರಡಿಯಲ್ಲಿ ಮುಗಿಯುತ್ತದೆ. ನಡುವೆ ಲೆಕ್ಕ ತಪ್ಪಿದರೆ ಆಗೋ ನಷ್ಟ ಸಣ್ಣದಲ್ಲ.

ಪಹಣಿಯಲ್ಲಿ 1-20 ಎಂದಿದ್ದರೆ 1 ಎಕರೆ 20 ಗುಂಟೆ ಎಂದರ್ಥ. 40 ಗುಂಟೆಗೆ 1 ಎಕರೆ. ಹಾಗಾಗಿ ಇದು 60 ಗುಂಟೆ, ಅಂದರೆ ಒಂದೂವರೆ ಎಕರೆ. ಇದನ್ನೇ ಮೊಬೈಲ್ ಕ್ಯಾಲ್ಕುಲೇಟರಿನಲ್ಲಿ 1.20 ಎಂದು ಒತ್ತಿ ಎಕರೆ ದರದಿಂದ ಗುಣಿಸಿದರೆ 48 ಗುಂಟೆಗಷ್ಟೇ ದುಡ್ಡು ಬರುತ್ತೆ. ಮಾರುವವರಿಗೆ 12 ಗುಂಟೆ ಖೋತಾ! 1 ಗುಂಟೆಗೆ 1,089 ಚದರಡಿ (33x33 ಅಡಿ). 12 ಗುಂಟೆ ಅಂದ್ರೆ 13,068 ಚದರಡಿ. 30x40 ಅಳತೆಯ ಹತ್ತು ಸೈಟಿಗಿಂತ ಜಾಸ್ತಿ ಆಯ್ತು.

ಕೂಡುವಾಗಲೂ ಹುಷಾರು. ಅಣ್ಣನ 1-20, ತಮ್ಮನ 1-30 ಸೇರಿದರೆ 2.50 ಅಲ್ಲ, 3 ಎಕರೆ 10 ಗುಂಟೆ.

ಸುಲಭ ದಾರಿ: ಎಕರೆಯನ್ನು 40ರಿಂದ ಗುಣಿಸಿ, ಗುಂಟೆ ಕೂಡಿಸಿ. ಎಲ್ಲವೂ ಗುಂಟೆಗೆ ಬಂದ ಮೇಲೆ ಗುಂಟೆ ದರ ಹಾಕಿ. ಗುಂಟೆಯ ಮುಂದಿನ ಅಂಕಿ ಆಣೆ. 16 ಆಣೆಗೆ 1 ಗುಂಟೆ. ಪಹಣಿಯಲ್ಲಿ ಖರಾಬು ತೋರಿಸಿದ್ದರೆ ಅದನ್ನೂ ನೋಡಿಕೊಳ್ಳಿ. ಅಡ್ವಾನ್ಸ್ ಕೈ ಬದಲಾಗುವ ಮುಂಚೆಯೇ ಕಾಗದದ ಮೇಲೆ ಈ ಲೆಕ್ಕ ಮುಗಿದಿರಲಿ.