ಅಂಕಿ ಬರೆದ ಹುಡುಗ ಅಕ್ಷರಕ್ಕೆ ತಡವರಿಸಿದಾಗ

ಎರಡು ವರ್ಷಗಳ ಹಿಂದಿನ ಮಾತು. ವಿಕ್ರೋಳಿ ಪೂರ್ವದ ನಮ್ಮ ಕಟ್ಟಡದಲ್ಲೇ ವಾಸವಿರುವ ಒಬ್ಬ ತಾಯಿ ಮಗನನ್ನು ಕರೆದುಕೊಂಡು ನನ್ನ ಬ್ಯಾಂಕಿಗೆ ಬಂದಿದ್ದರು. ಹಣ ತೆಗೆಯುವ ಸ್ಲಿಪ್ಪನ್ನು ಮಗನೇ ಬರೆದಿದ್ದ. ಅಂಕಿಯಲ್ಲಿ 4,850 ಎಂದು ಮುತ್ತಿನಂತೆ ಬರೆದಿದ್ದ. ಕೆಳಗೆ ಅಕ್ಷರದಲ್ಲಿ ಬರೆಯಬೇಕಾದ ಗೆರೆ ಮಾತ್ರ ಖಾಲಿ ಇತ್ತು. "ಇದನ್ನೂ ತುಂಬು ಮಾರಾಯ" ಎಂದೆ. "ಮಾಮ, ನೀವೇ ಬರೆಯಿರಿ, ನನ್ನ ಅಕ್ಷರ ಸರಿ ಇಲ್ಲ" ಎಂದು ತಲೆ ತಗ್ಗಿಸಿದ. ಆಗ ಅವನು ಇಂಗ್ಲಿಷ್ ಮಾಧ್ಯಮದ ಶಾಲೆಯೊಂದರಲ್ಲಿ 9ನೇ ತರಗತಿಯಲ್ಲಿದ್ದ.

ಅಂದು ರಾತ್ರಿ ತಾಯಿ ಪ್ರಗತಿ ಪತ್ರ ಹಿಡಿದು ಮನೆಗೆ ಬಂದರು. "ಅಣ್ಣ, ನೀವೊಮ್ಮೆ ನೋಡಿ. ಟ್ಯೂಶನ್‌ಗೆ ಕಳಿಸಿದ್ದೇವೆ, ಮೊಬೈಲ್ ತೆಗೆದಿಟ್ಟಿದ್ದೇವೆ, ಹೊಡೆದೂ ಆಯಿತು. ಇವನಿಗೆ ಓದು ತಲೆಗೆ ಹತ್ತುವುದಿಲ್ಲ" ಎಂದು ಕಣ್ಣೊರೆಸಿಕೊಂಡರು. ಅವರ ಯಜಮಾನರು ಕ್ಯಾಂಟೀನ್ ಕೆಲಸ ಮುಗಿಸಿ ಮನೆ ಸೇರುವಾಗ ರಾತ್ರಿ ಹನ್ನೊಂದು. ಮಗನ ಪುಸ್ತಕ ತೆರೆದು ನೋಡಲು ಸಮಯವೂ ಇಲ್ಲ, ಇಂಗ್ಲಿಷೂ ಇಲ್ಲ. ನಾನು ಶಿಕ್ಷಕನಲ್ಲ, ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿದ ಗುಮಾಸ್ತ. ಆದರೂ "ಕಳಿಸಿ, ನೋಡೋಣ" ಎಂದೆ.

ನನ್ನ ಮೊದಲ ತಪ್ಪು

ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. 9ನೇ ತರಗತಿಯ ವಿಜ್ಞಾನ ಪುಸ್ತಕ ತೆರೆದು, ಪ್ರಶ್ನೋತ್ತರ ಬಾಯಿಪಾಠ ಮಾಡಿಸಿದೆ. ಹುಡುಗ ಗಿಣಿಯಂತೆ ಒಪ್ಪಿಸಿದ. ಯೂನಿಟ್ ಟೆಸ್ಟಿನಲ್ಲಿ ಪ್ರಶ್ನೆಯ ಎರಡು ಶಬ್ದ ಬದಲಾಗಿತ್ತು, ಉತ್ತರ ಪತ್ರಿಕೆ ಖಾಲಿ ಉಳಿಯಿತು.

ಆಮೇಲೆ ಪುಸ್ತಕವನ್ನು ಅವನ ಕೈಗೆ ಕೊಟ್ಟು ಓದಿಸಿದೆ. ಆಗ ತಿಳಿಯಿತು, ಅವನು ಓದುತ್ತಿರಲಿಲ್ಲ, ಊಹಿಸುತ್ತಿದ್ದ. ಶಬ್ದದ ಮೊದಲ ಎರಡು ಅಕ್ಷರ ನೋಡಿ 'ಕಂಡಿಶನ್' ಇದ್ದಲ್ಲಿ 'ಕಂಡಕ್ಟರ್' ಎನ್ನುತ್ತಿದ್ದ, 'ಫ್ಯಾಕ್ಟರ್' ಇದ್ದಲ್ಲಿ 'ಫ್ಯಾಕ್ಟರಿ' ಎನ್ನುತ್ತಿದ್ದ. ಉದ್ದದ ಶಬ್ದ ಬಂದರೆ ಗೊಣಗಿ ದಾಟಿಬಿಡುತ್ತಿದ್ದ. ಒಂದು ಸಾಲಿನಲ್ಲಿ ಮೂರು ಶಬ್ದ ಹೀಗೆ ಹೋದರೆ ಪಾಠ ಅರ್ಥವಾಗುವುದು ಎಲ್ಲಿಂದ? ಇಷ್ಟು ವರ್ಷ ಅವನನ್ನು ನಡೆಸಿದ್ದು ನೆನಪಿನ ಶಕ್ತಿ. ಆ ಶಕ್ತಿ ಇದ್ದವನನ್ನು ದಡ್ಡನೆನ್ನುವುದು ಹೇಗೆ?

ಇನ್ನೊಂದು ಪರೀಕ್ಷೆ ಮಾಡಿದೆ. ಮರಾಠಿ ಪುಸ್ತಕ ಕೊಟ್ಟೆ. ನಿಧಾನವಾಗಿಯಾದರೂ ತಪ್ಪಿಲ್ಲದೆ ಓದಿದ. ದೇವನಾಗರಿಯಲ್ಲಿ, ನಮ್ಮ ಕನ್ನಡದಂತೆಯೇ, ಅಕ್ಷರ ತನ್ನ ಉಚ್ಚಾರವನ್ನು ತಾನೇ ಹೇಳುತ್ತದೆ. ಇಂಗ್ಲಿಷಿನ 'ಸಿ' ಅಕ್ಷರ 'ಸಿಟಿ'ಯಲ್ಲಿ ಸಕಾರ, 'ಕ್ಯಾಟ್'ನಲ್ಲಿ ಕಕಾರ. ಈ ಗುಟ್ಟನ್ನು ಚಿಕ್ಕಂದಿನಲ್ಲಿ ಯಾರೂ ಅವನಿಗೆ ಬಿಡಿಸಿ ಹೇಳಿರಲಿಲ್ಲ. ಮನೆಯಲ್ಲಿ ತುಳು, ಸಂಘದಲ್ಲಿ ಕನ್ನಡ, ಗಲ್ಲಿಯಲ್ಲಿ ಹಿಂದಿ, ಮಾರ್ಕೆಟ್ಟಿನಲ್ಲಿ ಮರಾಠಿ ಲೀಲಾಜಾಲವಾಗಿ ಮಾತನಾಡುವ ಹುಡುಗ ಶಾಲೆಯ ಒಂದೇ ಭಾಷೆಯೆದುರು ಮೂಕನಾಗಿದ್ದ.

ಇದು ಒಬ್ಬನ ಕಥೆಯಲ್ಲ

1995ರಲ್ಲಿ ನಮ್ಮ ಮುಂಬಯಿಯ ಕೊಳಗೇರಿಗಳ ಮಕ್ಕಳಿಗಾಗಿ ಆರಂಭವಾದ 'ಪ್ರಥಮ್' ಸಂಸ್ಥೆ 'ಅಸರ್' ಎಂಬ ಶೈಕ್ಷಣಿಕ ಸಮೀಕ್ಷೆ ನಡೆಸುತ್ತದೆ. ಅದರ 2023ರ ವರದಿ 14ರಿಂದ 18 ವರ್ಷದವರನ್ನು ಕುರಿತದ್ದು. 28 ಜಿಲ್ಲೆಗಳ ಹಳ್ಳಿಗಳಲ್ಲಿ ನೋಡಿದಾಗ ನಾಲ್ವರಲ್ಲಿ ಒಬ್ಬರಿಗೆ ತಮ್ಮದೇ ಭಾಷೆಯ 2ನೇ ತರಗತಿ ಮಟ್ಟದ ಪಾಠವನ್ನು ಸರಾಗವಾಗಿ ಓದಲು ಬರಲಿಲ್ಲ. ಇದು ಹಳ್ಳಿಗಳ ಲೆಕ್ಕ ನಿಜ. ಆದರೆ ನಮ್ಮ ಚಾಳು, ಕಟ್ಟಡಗಳಲ್ಲಿ ಇಂಥ ಮಕ್ಕಳಿಲ್ಲ ಎಂದು ಎದೆ ತಟ್ಟಿ ಹೇಳುವವರು ಯಾರು?

2009ರ ಶಿಕ್ಷಣ ಹಕ್ಕು ಕಾಯಿದೆ 8ನೇ ತರಗತಿಯವರೆಗೆ ಯಾರನ್ನೂ ಅನುತ್ತೀರ್ಣಗೊಳಿಸಬಾರದು ಎಂದಿತ್ತು. 2019ರಲ್ಲಿ ಅದಕ್ಕೆ ತಿದ್ದುಪಡಿಯಾಯಿತು. ಬಳಿಕ ಮಹಾರಾಷ್ಟ್ರದಲ್ಲೂ 5 ಮತ್ತು 8ನೇ ತರಗತಿಗೆ ವಾರ್ಷಿಕ ಪರೀಕ್ಷೆ ಬಂದಿದೆ. ಮಗುವನ್ನು ಶಾಲೆಯಲ್ಲಿ ಉಳಿಸಿಕೊಳ್ಳುವ ಮೂಲ ಉದ್ದೇಶ ಒಳ್ಳೆಯದೇ. ಆದರೆ ಮೇಲಕ್ಕೆ ಹತ್ತಿಸಿದವರು ಓದಲು ಬರುತ್ತದೆಯೇ ಎಂದು ನೋಡದಿದ್ದರೆ 9ನೇ ತರಗತಿಯಲ್ಲಿ ಗೋಡೆ ಎದುರಾಗುತ್ತದೆ. ಅಲ್ಲಿಗೆ ಬರುವಾಗ ಹುಡುಗನಿಗೆ ಮೀಸೆ ಚಿಗುರಿರುತ್ತದೆ, ತನಗೆ ಓದಲು ಬಾರದೆಂದು ಬಾಯಿ ಬಿಟ್ಟು ಹೇಳಲು ನಾಚಿಕೆ. ಹಿಂದಿನ ಬೆಂಚಿನಲ್ಲಿ ಗಲಾಟೆ ಮಾಡುವವನು, ಕನ್ನಡಕ ಮರೆತೆ ಎನ್ನುವವನು, ಪದೇ ಪದೇ ಹೊಟ್ಟೆನೋವು ಎನ್ನುವವನು, ಇವರಲ್ಲಿ ಕೆಲವರು ಮುಚ್ಚಿಡುತ್ತಿರುವುದು ಇದನ್ನೇ.

ಕೆಳಗಿನ ಮೆಟ್ಟಿಲಿನಿಂದ

ಪಠ್ಯಪುಸ್ತಕ ಮುಚ್ಚಿಟ್ಟು ಮತ್ತೆ ಆರಂಭಿಸಿದೆವು. ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಐದು ದಿನ. ಅವನಿಗೆ ಸುಲಭವಾಗಿ ಓದಲು ಬರುವ ಮಟ್ಟ ಯಾವುದೆಂದು ಹುಡುಕಿದೆ, ಅದು 3ನೇ ತರಗತಿಯದಾಗಿತ್ತು. ಆದರೆ ಹದಿನಾಲ್ಕರ ಹುಡುಗನ ಕೈಗೆ ಶಿಶುಗೀತೆ ಕೊಡಬಾರದು, ಅದು ಅವಮಾನ. ಅವನಿಗೆ ಕ್ರಿಕೆಟ್ ಪ್ರಾಣ. ಪಂದ್ಯದ ಸುದ್ದಿಯನ್ನು ನಾನೇ ಸಣ್ಣ ಸಣ್ಣ ವಾಕ್ಯಗಳಲ್ಲಿ ಬರೆದು ಕೊಟ್ಟೆ. ಮೊದಲು ನಾನು ಓದುವುದು, ಬಳಿಕ ಇಬ್ಬರೂ ಒಟ್ಟಿಗೆ, ಕೊನೆಗೆ ಅವನೊಬ್ಬನೇ. ಅದೇ ಪುಟ ಮೂರು ದಿನ. ಮೂರನೆಯ ದಿನ ತಡೆಯಿಲ್ಲದೆ ಹೋದಾಗ ಅವನ ಮುಖ ನೋಡಬೇಕಿತ್ತು!

ಉದ್ದದ ಶಬ್ದಗಳನ್ನು ತುಂಡು ಮಾಡಿದೆವು. ಫೋ-ಟೋ-ಸಿನ್-ಥೆ-ಸಿಸ್. ಪ್ರತಿ ತುಂಡಿನ ಕೆಳಗೆ ಪೆನ್ಸಿಲ್ ಗೆರೆ. ಓದಿದ ಮೇಲೆ ಅರ್ಥವನ್ನು ತುಳುವಿನಲ್ಲೋ ಕನ್ನಡದಲ್ಲೋ ಅವನೇ ಹೇಳಬೇಕು. ಬಿಸಿಲಿನಲ್ಲಿ ಎಲೆ ತನ್ನ ಅಡುಗೆ ತಾನೇ ಮಾಡಿಕೊಳ್ಳುತ್ತದೆ ಎಂದು ಅವನು ಮನೆಮಾತಿನಲ್ಲಿ ಹೇಳಿದ ದಿನ ಪಾಠ ಅವನದಾಯಿತು. ಪ್ರತಿ ತಪ್ಪಿಗೂ ತಡೆಯಬಾರದು, ವಾಕ್ಯ ಮುಗಿದ ಮೇಲೆ ತಿದ್ದಿದರೆ ಸಾಕು. ಇದೂ ನಿಧಾನವಾಗಿ ಕಲಿತ ಪಾಠವೇ.

ಇಂಥ ಮಕ್ಕಳ ಕಣ್ಣು, ಕಿವಿ ಪರೀಕ್ಷೆ ಮೊದಲು ಆಗಬೇಕು. ಎಷ್ಟು ಓದಿಸಿದರೂ ಅಕ್ಷರ ಕೂಡದಿದ್ದರೆ ಅದು ಡಿಸ್ಲೆಕ್ಸಿಯಾದಂಥ ಕಲಿಕಾ ತೊಂದರೆಯೂ ಇರಬಹುದು. 2007ರ 'ತಾರೇ ಜಮೀನ್ ಪರ್' ಚಿತ್ರ ನೋಡಿದವರಿಗೆ ಇದು ಗೊತ್ತು. ಸಯನ್ ಆಸ್ಪತ್ರೆಯಲ್ಲಿ ಇದಕ್ಕೆ ತಪಾಸಣೆಯಿದೆ. ಪ್ರಮಾಣ ಪತ್ರ ದೊರೆತರೆ ಎಸ್ಸೆಸ್ಸಿ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯದಂಥ ರಿಯಾಯಿತಿ ಸಿಗುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯಲ್ಲೂ ಈ ತೊಂದರೆ ಸೇರಿದೆ. ಹತ್ತನೆಯ ತರಗತಿಯ ಮಧ್ಯದಲ್ಲಿ ಓಡಾಡುವ ಬದಲು ಬೇಗ ತೋರಿಸುವುದು ಲೇಸು.

ನನ್ನ ಎರಡನೆಯ ತಪ್ಪು

ಸುದ್ದಿ ತಿಳಿದು ಪಕ್ಕದ ಕಟ್ಟಡದ ಇನ್ನೊಬ್ಬ ಹುಡುಗ ಬಂದ. ಹದಿನಾರು ವರ್ಷ, ಒಮ್ಮೆ 9ನೇ ತರಗತಿಯಲ್ಲಿ ಅನುತ್ತೀರ್ಣನಾಗಿದ್ದ. ಸಮಯ ಉಳಿಯಲೆಂದು ಇಬ್ಬರನ್ನೂ ಒಟ್ಟಿಗೆ ಕೂರಿಸಿದೆ. ಒಂದು ದಿನ ಅವನು ಗಟ್ಟಿಯಾಗಿ ಓದುವಾಗ ಎಡವಿದ, ಕಿರಿಯವನು ತಡೆಯಲಾರದೆ ನಕ್ಕ. ನಾನೂ ಮುಗುಳ್ನಕ್ಕಿರಬೇಕು. ಮರುದಿನದಿಂದ ಅವನು ಬರಲಿಲ್ಲ. ಮನೆಗೆ ಹೋಗಿ ಕರೆದೆ. "ಆಯ್ತು ಅಂಕಲ್, ಬರ್ತೇನೆ" ಎಂದ, ಬರಲಿಲ್ಲ. ಶಾಲೆಯವರು ಖಾಸಗಿ ಅಭ್ಯರ್ಥಿಯಾಗಿ 17 ನಂಬರಿನ ಫಾರ್ಮ್ ತುಂಬಿ ಎಂದರಂತೆ. ಫಾರ್ಮ್ ತುಂಬಲಿಲ್ಲ. ಈಗ ಕೇಟರಿಂಗ್ ಕೆಲಸದಲ್ಲಿದ್ದಾನೆ. ಮದುವೆ ಮನೆಯೊಂದರಲ್ಲಿ ನನ್ನ ಎಲೆಗೆ ಅವನೇ ಅನ್ನ ಬಡಿಸಿದ. ತುತ್ತು ಗಂಟಲಲ್ಲಿ ಇಳಿಯಲಿಲ್ಲ.

ದುಡಿಮೆ ಕೀಳಲ್ಲ. ಆದರೆ ಅವನು ಆರಿಸಿಕೊಂಡು ಹೋದವನಲ್ಲ, ನಾಚಿಕೆಯಿಂದ ಓಡಿ ಹೋದವನು. ಬೆಳೆದ ಮಕ್ಕಳನ್ನು ಇತರರ ಎದುರು ಗಟ್ಟಿಯಾಗಿ ಓದಿಸಬಾರದು. ಈ ಒಂದು ಮಾತನ್ನು ಓದುಗರು ನೆನಪಿಟ್ಟರೂ ಈ ಲೇಖನ ಸಾರ್ಥಕ.

ನಮ್ಮ ಹಿರಿಯರ ದಾರಿ

ಮುಂಬಯಿ ಕನ್ನಡಿಗರಿಗೆ ಇದು ಹೊಸ ಪಾಠವಲ್ಲ. ಹಗಲಿಡೀ ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದ ಹುಡುಗರಿಗೆ ರಾತ್ರಿ ಶಾಲೆ ತೆರೆದವರು ನಮ್ಮ ಹಿರಿಯರು. ಮೊಗವೀರ ವ್ಯವಸ್ಥಾಪಕ ಮಂಡಳಿಯ ರಾತ್ರಿ ಶಾಲೆ, ಬಿಲ್ಲವರ ಅಸೋಸಿಯೇಶನ್ನಿನ ಗುರುನಾರಾಯಣ ರಾತ್ರಿ ಪ್ರೌಢಶಾಲೆ ಇಂಥವುಗಳಲ್ಲಿ ಕಲಿತು ಬ್ಯಾಂಕು, ಕಚೇರಿ, ಉದ್ಯಮಗಳಲ್ಲಿ ಮೇಲೆ ಬಂದವರು ಎಷ್ಟೋ ಮಂದಿ. ಅಲ್ಲಿ ಹದಿನೆಂಟರವನು ಚಿಕ್ಕ ತರಗತಿಯಲ್ಲಿ ಕುಳಿತರೆ ಯಾರೂ ನಗುತ್ತಿರಲಿಲ್ಲ, ಎಲ್ಲರೂ ಹಾಗೆಯೇ ಬಂದವರು. ನಿನ್ನ ವಯಸ್ಸೆಷ್ಟು ಎಂದು ಕೇಳದೆ, ನಿನಗೆ ಎಲ್ಲಿಯವರೆಗೆ ಬರುತ್ತದೆ ಎಂದು ಕೇಳಿ ಕಲಿಸಿದರು.

ಇದೇ ತತ್ವವನ್ನು ಪ್ರಥಮ್ ಸಂಸ್ಥೆ ಪ್ರಾಥಮಿಕ ಶಾಲೆಗಳಿಗೆ ತಂದಿತು. ಮುಂಬಯಿ ಮತ್ತು ವಡೋದರಾದಲ್ಲಿ 'ಬಾಲಸಖಿ' ಯೋಜನೆಯಲ್ಲಿ ನೆರೆಕರೆಯ ಯುವತಿಯರು ಹಿಂದುಳಿದ ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಬೇರೆ ಕೂರಿಸಿ ಮೂಲಪಾಠ ಹೇಳಿಕೊಟ್ಟರು. ಅವರು ತರಬೇತಾದ ಶಿಕ್ಷಕಿಯರಲ್ಲ, ಪ್ರೌಢಶಾಲೆ ಮುಗಿಸಿದವರು. 2001ರಿಂದ 2003ರವರೆಗೆ ಇದನ್ನು ಪರಿಶೀಲಿಸಿ ಮಕ್ಕಳ ಕಲಿಕೆ ಸುಧಾರಿಸಿದೆ ಎಂದು ಕಂಡುಕೊಂಡವರಲ್ಲಿ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೋ ಇದ್ದರು. ಮುಂದೆ 2019ರಲ್ಲಿ ಅವರಿಬ್ಬರೂ ಅರ್ಥಶಾಸ್ತ್ರದ ನೊಬೆಲ್ ಹಂಚಿಕೊಂಡರು. ಬಿ.ಎಡ್. ಇಲ್ಲದ ನೆರೆಮನೆಯವರಿಂದಲೂ ಈ ಕೆಲಸ ಸಾಧ್ಯ ಎನ್ನಲು ಇನ್ನೇನು ಬೇಕು?

ಸಂಘಗಳಿಗೊಂದು ವಿನಂತಿ

ವಿಕ್ರೋಳಿಯ ಕನ್ನಡಿಗರು ವಿದ್ಯೆಯ ಬೆಲೆ ಬಲ್ಲವರು. ವಿಕ್ರೋಳಿ ಕನ್ನಡ ಸಂಘ ಇಲ್ಲಿ ವೀಕೇಸ್ ಇಂಗ್ಲಿಷ್ ಹೈಸ್ಕೂಲನ್ನೇ ಕಟ್ಟಿ ನಡೆಸಿದೆ. ಪ್ರತಿ ವರ್ಷ ಮಹಾನಗರದ ಸಂಘ ಸಂಸ್ಥೆಗಳು ಪ್ರತಿಭಾ ಪುರಸ್ಕಾರ, ವಿದ್ಯಾರ್ಥಿ ವೇತನ, ಪುಸ್ತಕ ವಿತರಣೆ ಮಾಡುತ್ತವೆ. ಬಹಳ ಒಳ್ಳೆಯದು. ಆದರೆ 90 ಶೇಕಡಾ ಪಡೆದವನಿಗೆ ಶಾಲು, ಹಾರ. ಉತ್ತೀರ್ಣಕ್ಕೆ ಬೇಕಾದ 35 ಅಂಕ ತಲುಪಲಾಗದವನ ಹೆಸರು ನಮ್ಮ ಯಾವ ಪಟ್ಟಿಯಲ್ಲೂ ಇಲ್ಲ. ಅವನಿಗೆ ಪುಸ್ತಕ ಕೊಟ್ಟು ಪ್ರಯೋಜನವೇನು, ಅದನ್ನು ಓದಲೇ ಬಾರದಿದ್ದರೆ?

ಸಂಘದ ಕಚೇರಿಯಲ್ಲಿ ವಾರದ ಕೆಲವು ಸಂಜೆ ಒಂದು ಕೋಣೆ, ನಾಲ್ಕು ಕುರ್ಚಿ, ದಿನಪತ್ರಿಕೆಗಳು. ನಿವೃತ್ತರು, ಗೃಹಿಣಿಯರು, ಕಾಲೇಜು ವಿದ್ಯಾರ್ಥಿಗಳು ಒಬ್ಬೊಬ್ಬರು ಒಬ್ಬ ಹುಡುಗನನ್ನೋ ಹುಡುಗಿಯನ್ನೋ ವಹಿಸಿಕೊಂಡರೆ ಸಾಕು. 6, 7ನೇ ತರಗತಿಯಲ್ಲೇ ಗುರುತಿಸಿದರೆ ಕೆಲಸ ಸುಲಭ. ಮಗು ಪುಸ್ತಕ ಓದಿ ಹೇಳುತ್ತದೆಯೇ, ನೆನಪಿನಿಂದ ಹೇಳುತ್ತದೆಯೇ ಎಂದು ತಂದೆ ತಾಯಂದಿರು ಹೊಸದೊಂದು ಪುಟ ಕೊಟ್ಟು ನೋಡಿದರೆ ಐದು ನಿಮಿಷದಲ್ಲಿ ತಿಳಿಯುತ್ತದೆ.

ಮೊದಲ ಹುಡುಗ ಎಸ್ಸೆಸ್ಸಿ ಪಾಸಾದ. ಅಂಕ ಐವತ್ತರ ಆಸುಪಾಸು, ಯಾವ ವೇದಿಕೆಗೂ ಕರೆಯುವಂಥದ್ದಲ್ಲ. ಈಗ ಕಾಮರ್ಸ್ ಓದುತ್ತಿದ್ದಾನೆ. ಮೊನ್ನೆ ತಾಯಿಯ ಸ್ಲಿಪ್ ತಂದಿದ್ದ. ಅಕ್ಷರದ ಗೆರೆ ತುಂಬಿತ್ತು, ಒಂದು ಕಾಗುಣಿತ ತಪ್ಪಿತ್ತು. ಹಣಕ್ಕೆ ಅಡ್ಡಿಯಾಗುವ ತಪ್ಪಲ್ಲ, ಪಾಸ್ ಮಾಡಿದೆ.

ಎರಡನೆಯವನನ್ನು ನಾನಿನ್ನೂ ಬಿಟ್ಟಿಲ್ಲ. ಮುಂಬಯಿಯಲ್ಲಿ ರಾತ್ರಿ ಶಾಲೆಗಳು ಇಂದಿಗೂ ಇವೆ, 'ಮಾಸೂಮ್' ಎಂಬ ಸಂಸ್ಥೆ 2008ರಿಂದ ಅವುಗಳಿಗೆ ನೆರವಾಗುತ್ತಿದೆ. ಕಳೆದ ವಾರ ಅವನನ್ನು ಕಂಡು ಹೇಳಿದೆ: "ಅಂದು ನಕ್ಕಿದ್ದು ನನ್ನ ತಪ್ಪು ಮಾರಾಯ. ಮತ್ತೆ ಬಾ, ನೀನೊಬ್ಬನೇ ಬಾ." ಅವನು ಹೂಂ ಎನ್ನಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. "ಎಷ್ಟು ಗಂಟೆಗೆ ಮನೆಯಲ್ಲಿರುತ್ತೀರಿ?" ಎಂದು ಕೇಳಿದ.