ಖಾಕಿಗೆ ಕಾರ್ಟೂನ್ ಪಾಠ

ಕಳವು ಮಾಲು ಬಚ್ಚಿಟ್ಟಿದ್ದಾರೆಂಬ ಮಾಹಿತಿ ಬಂದು ಪಿಎಸ್‌ಐ ಒಬ್ಬರು ಮನೆ ಶೋಧಕ್ಕೆ ಹೊರಟಿದ್ದಾರೆ ಎನ್ನಿ. ಜೊತೆಗೆ ಇಬ್ಬರು ಪಂಚರು, ಒಬ್ಬ ಹೆಡ್ ಕಾನ್‌ಸ್ಟೆಬಲ್. ಮೊಬೈಲ್ ಕ್ಯಾಮೆರಾ ಆನ್ ಮಾಡಬೇಕಾದದ್ದು ಯಾವಾಗ? ಬಾಗಿಲು ತಟ್ಟುವಾಗಲೋ, ಬೀರು ತೆರೆದ ಮೇಲೋ, ಮಹಜರಿಗೆ ಸಹಿ ಹಾಕಿಸುವಾಗಲೋ? ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂ ಪ್ರಕಾರ ಶೋಧ, ಜಪ್ತಿ, ಪಟ್ಟಿ ಬರೆಯುವುದು, ಸಾಕ್ಷಿಗಳ ಸಹಿ ಎಲ್ಲವೂ ಧ್ವನಿ ಸಮೇತ ವಿಡಿಯೊ ಆಗಬೇಕು, ಅದು ತಡವಿಲ್ಲದೆ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು. ಪುಸ್ತಕದಲ್ಲಿ ಅದು ಕೆಲವೇ ಸಾಲು. ಇಪ್ಪತ್ತು ವರ್ಷ ಬೇರೆ ರೀತಿಯಲ್ಲಿ ಮಹಜರು ಬರೆದು ಪಳಗಿದ ಕೈಗೆ ಆ ಸಾಲುಗಳು ಬರೀ ಓದಿನಿಂದ ಇಳಿಯುವುದಿಲ್ಲ.

ಈ ಸಂಹಿತೆಯೂ ಸೇರಿ ಹೊಸ ಕ್ರಿಮಿನಲ್ ಕಾನೂನುಗಳು ಜಾರಿಗೆ ಬಂದ 2024ರ ಜುಲೈ 1ರಂದು ದೇಶದ ಪೊಲೀಸರೆಲ್ಲ ಒಂದೇ ದಿನ ಮತ್ತೆ ವಿದ್ಯಾರ್ಥಿಗಳಾದರು. 511 ಕಲಂಗಳ ಐಪಿಸಿ ಹೋಗಿ 358 ಕಲಂಗಳ ಭಾರತೀಯ ನ್ಯಾಯ ಸಂಹಿತೆ ಬಂತು. ಸಿನಿಮಾ ನೋಡುವವರಿಗೂ ಬಾಯಿಪಾಠವಾಗಿದ್ದ 302 ಈಗ 103 ಆಗಿದೆ, 420 ಹೋಗಿ 318ರಲ್ಲಿ ಕೂತಿದೆ. ಆದರೆ ಬಂದೋಬಸ್ತ್, ಬೀಟ್, ಸಮನ್ಸ್ ಎಂದು ಓಡಾಡುವ ಸಿಬ್ಬಂದಿಯನ್ನು ವಾರಗಟ್ಟಲೆ ತರಬೇತಿ ಶಾಲೆಗೆ ಕಳಿಸಿದರೆ ಠಾಣೆ ನಡೆಸುವವರು ಯಾರು? ಹಾಗಾಗಿ ಪಾಠವೇ ಮೊಬೈಲಿಗೆ ಬಂತು. ಕೇಂದ್ರ ಸರ್ಕಾರದ ಐಗಾಟ್ ಕರ್ಮಯೋಗಿ ತಾಣದಲ್ಲಿ ಹೊಸ ಕಾನೂನುಗಳ ಪಾಠ ಸಿಗುತ್ತದೆ. ಸೈಬರ್ ಅಪರಾಧಗಳ ತನಿಖೆಗೆ ಸೈಟ್ರೇನ್ ಎಂಬ ಆನ್‌ಲೈನ್ ತರಗತಿಯೇ ಇದೆ. ರೋಲ್ ಕಾಲ್ ಮುಗಿಸಿ ಡ್ಯೂಟಿಗೆ ಹೊರಡುವ ಮುನ್ನ ನೋಡಿ ಮುಗಿಸಬಹುದಾದ ನಾಲ್ಕೈದು ನಿಮಿಷದ ಅನಿಮೇಷನ್ ವಿಡಿಯೊ ಮಾಡುವ ಕಸುಬಿಗೆ ಬೇಡಿಕೆ ಕುದುರಿರುವುದು ಇಂಥ ಹೊತ್ತಿನಲ್ಲಿ.

ಈ ಕಸುಬಿನಲ್ಲಿ ಕುಂಚಕ್ಕಿಂತ ಮೊದಲು ಪೆನ್ನಿನ ಕೆಲಸ. ನಿವೃತ್ತ ತನಿಖಾಧಿಕಾರಿಯೋ ಸರ್ಕಾರಿ ಅಭಿಯೋಜಕರೋ ಸ್ಕ್ರಿಪ್ಟ್ ಬರೆಯುವವರ ಪಕ್ಕದಲ್ಲಿ ಕೂರಬೇಕು. ಪಾಟೀಸವಾಲಿನಲ್ಲಿ ಕೇಸು ಎಲ್ಲಿ ಮುರಿದು ಬೀಳುತ್ತದೆ ಎನ್ನುವುದು ಗೊತ್ತಿರುವುದು ಅವರಿಗೆ. ಆಮೇಲೆ ಸ್ಟೋರಿಬೋರ್ಡ್, ಅಂದರೆ ಸನ್ನಿವೇಶಗಳನ್ನು ಚೌಕಗಳಲ್ಲಿ ಗೀಚಿಕೊಳ್ಳುವುದು. ಆ ಚೌಕಗಳಿಗೆ ಕಚ್ಚಾ ಧ್ವನಿ ಸೇರಿಸಿದರೆ ಅನಿಮ್ಯಾಟಿಕ್. ಕಾನೂನು ಬಲ್ಲವರು ತಿದ್ದುವುದಿದ್ದರೆ ಈ ಹಂತದಲ್ಲೇ ತಿದ್ದಬೇಕು. ಸೆಕೆಂಡಿಗೆ 24 ಫ್ರೇಮ್ ಓಡುತ್ತವೆ. ಎರಡು ಫ್ರೇಮಿಗೊಂದು ಚಿತ್ರ ಎಂದರೂ ಐದು ನಿಮಿಷಕ್ಕೆ 3,600 ಚಿತ್ರಗಳಾದವು. ಕೈಯಲ್ಲಿ ಅಷ್ಟು ಬರೆಯಿಸುವ ಹಣ ತರಬೇತಿ ವಿಡಿಯೊಗೆ ಯಾರೂ ಕೊಡುವುದಿಲ್ಲ. ಹಾಗಾಗಿ ತಲೆ, ತೋಳು, ಕಾಲುಗಳನ್ನು ಬಿಡಿಬಿಡಿಯಾಗಿ ಬರೆದು, ಕೀಲು ಜೋಡಿಸಿ, ಕಂಪ್ಯೂಟರಿನಲ್ಲಿ ಕುಣಿಸುವ ಪದ್ಧತಿಯೇ ಹೆಚ್ಚು.

ಚಿತ್ರ ಸರಳವಾಗಿದ್ದರೆ ನಡೆದೀತು, ಸಮವಸ್ತ್ರ ಮಾತ್ರ ತಪ್ಪುವಂತಿಲ್ಲ. ಎಎಸ್‌ಐ ಭುಜಕ್ಕೆ ಒಂದು ನಕ್ಷತ್ರ, ಪಿಎಸ್‌ಐಗೆ ಎರಡು, ಇನ್‌ಸ್ಪೆಕ್ಟರಿಗೆ ಮೂರು, ಜೊತೆಗೆ ಕೆಂಪು–ನೀಲಿ ಪಟ್ಟಿ. ಡಿವೈಎಸ್‌ಪಿಗೂ ಮೂರೇ ನಕ್ಷತ್ರ, ಪಟ್ಟಿ ಇಲ್ಲ. ಕಲಾವಿದ ಪಟ್ಟಿ ಮರೆತರೆ ಇನ್‌ಸ್ಪೆಕ್ಟರ್ ಕೂತಲ್ಲೇ ಬಡ್ತಿ ಪಡೆಯುತ್ತಾರೆ, ನೋಡುವ ಕಾನ್‌ಸ್ಟೆಬಲ್‌ಗಳು ನಗುತ್ತಾರೆ, ಪಾಠ ಅಲ್ಲಿಗೆ ಕೆಟ್ಟಿತು. ನಗುವಷ್ಟಕ್ಕೇ ಮುಗಿಯುವುದೂ ಇಲ್ಲ. ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧದಲ್ಲಿ ಆರೋಪಿ ಅಶಕ್ತನಾಗಿದ್ದರೆ ಅಥವಾ 60 ದಾಟಿದವನಾಗಿದ್ದರೆ ಬಂಧನಕ್ಕೆ ಡಿವೈಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯ ಪೂರ್ವಾನುಮತಿ ಬೇಕು. ಆ ದೃಶ್ಯದಲ್ಲಿ ಪಟ್ಟಿ ಇದ್ದರೊಂದು ಕಾನೂನು, ಇಲ್ಲದಿದ್ದರೆ ಇನ್ನೊಂದು. ಟೋಪಿಯದು ಬೇರೆ ಕತೆ. 2025ರ ಅಕ್ಟೋಬರ್‌ನಲ್ಲಿ ಕರ್ನಾಟಕದ ಕಾನ್‌ಸ್ಟೆಬಲ್‌ಗಳಿಗೆ ಹಳೆಯ ಸ್ಲೌಚ್ ಹ್ಯಾಟ್ ಹೋಗಿ ಕಡುನೀಲಿ ಪೀಕ್ ಕ್ಯಾಪ್ ಬಂತು. ನಟರನ್ನು ಇಟ್ಟು ಚಿತ್ರೀಕರಿಸಿದ ಪಾಠಗಳೆಲ್ಲ ಅಂದಿಗೆ ಹಳತಾದವು. ಅನಿಮೇಷನ್‌ನಲ್ಲಾದರೆ ಟೋಪಿ ಬೇರೆಯದೇ ಪದರದಲ್ಲಿ ಇರುತ್ತದೆ, ಮೂಲ ಚಿತ್ರದಲ್ಲಿ ಬದಲಿಸಿ ಮತ್ತೆ ರೆಂಡರ್ ಹಾಕಿದರಾಯಿತು. ಕಲಂ ಸಂಖ್ಯೆ ಬದಲಾದಾಗಲೂ ಇದೇ ಅನುಕೂಲ.

ನನ್ನ ಮಟ್ಟಿಗೆ ಅನಿಮೇಷನ್‌ಗೆ ನಿಜವಾದ ಬೆಲೆ ಬರುವುದು ಕ್ಯಾಮೆರಾ ಹೋಗಲಾಗದ, ಹೋಗಲೂಬಾರದ ಜಾಗಗಳಲ್ಲಿ. ಪೋಕ್ಸೊ ಕಾಯ್ದೆಯ 24ನೇ ಕಲಂ ನೋಡಿ. ದೌರ್ಜನ್ಯಕ್ಕೆ ಒಳಗಾದ ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲೋ ಅದು ಬಯಸಿದ ಜಾಗದಲ್ಲೋ ಬರೆದುಕೊಳ್ಳಬೇಕು. ಸಾಧ್ಯವಾದ ಮಟ್ಟಿಗೆ ಎಸ್‌ಐ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ಆಗ ಅಧಿಕಾರಿ ಸಮವಸ್ತ್ರದಲ್ಲಿ ಇರಬಾರದು. ಯಾವ ಕಾರಣಕ್ಕೂ ಮಗುವನ್ನು ರಾತ್ರಿ ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಇದನ್ನು ಕಲಿಸಲು ನಿಜವಾದ ಪ್ರಕರಣ ತೋರಿಸುವ ಹಾಗಿಲ್ಲ, ಮಗುವಿನ ಗುರುತು ಬಯಲಾಗುವುದೇ ಅಪರಾಧ. ಬಾಲನಟಿಯನ್ನು ಕೂರಿಸಿ ಆ ಮಾತುಗಳನ್ನು ಆಡಿಸುವುದಕ್ಕೂ ಮನಸ್ಸು ಒಪ್ಪುವುದಿಲ್ಲ. ಚಿತ್ರದ ಮಗುವಿಗೆ ಊರಿಲ್ಲ, ಹೆಸರಿಲ್ಲ. ದೃಶ್ಯವನ್ನು ಮಗುವಿನ ಕಣ್ಣಿನ ಎತ್ತರದಿಂದಲೂ ಬರೆಯಬಹುದು. ಎದುರು ನಿಂತ ದೊಡ್ಡ ಬೂಟು, ಅಗಲ ಬೆಲ್ಟು, ಅದರ ಮೇಲೆಲ್ಲೋ ಒಂದು ಮುಖ. ಮುಂದಿನ ದೃಶ್ಯದಲ್ಲಿ ಅದೇ ಅಧಿಕಾರಿ ಚೂಡಿದಾರದಲ್ಲಿ ಬಂದು ಚಾಪೆಯ ಮೇಲೆ ಕೂರುತ್ತಾರೆ. ಸಮವಸ್ತ್ರ ಏಕೆ ಬೇಡ ಎಂದು ಅರ್ಧ ಗಂಟೆ ಉಪನ್ಯಾಸ ಕೊಡುವ ಕೆಲಸ ತಪ್ಪಿತು.

ಕಣ್ಣಿಗೆ ಕಾಣದ ವಸ್ತುಗಳೂ ಇವೆ. ಡಿಜಿಟಲ್ ಸಾಕ್ಷ್ಯ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಅಡಿಯ ಪ್ರಮಾಣಪತ್ರದಲ್ಲಿ ಹ್ಯಾಶ್ ಮೌಲ್ಯ ನಮೂದಿಸಬೇಕು. ಎಸ್‌ಎಚ್‌ಎ–256 ವಿಧಾನದಲ್ಲಿ ಅದು 64 ಅಕ್ಷರ–ಅಂಕಿಗಳ ಒಂದು ಸಾಲು. ವಿಡಿಯೊದ ಒಂದೇ ಒಂದು ಚುಕ್ಕಿ ಬದಲಾದರೂ ಇಡೀ ಸಾಲು ಬೇರೆಯಾಗುತ್ತದೆ. ಠಾಣೆಯ ರೈಟರ್‌ಗೆ ಇದನ್ನು ಬಾಯಲ್ಲಿ ಹೇಳುವುದು ಕಷ್ಟ. ಆದರೆ ಅವರು ಮುದ್ದೆಮಾಲಿಗೆ ಅರಗಿನ ಸೀಲ್ ಹಾಕಿ ಹಾಕಿ ಪಳಗಿದವರು. ಫೈಲಿಗೂ ಅರಗು ಬಿದ್ದಂತೆ, ಯಾರೋ ಬೆರಳಾಡಿಸಿದೊಡನೆ ಸೀಲ್ ಒಡೆದಂತೆ ಹತ್ತು ಸೆಕೆಂಡು ತೋರಿಸಿ, ಸಾಕು.

ಸಮವಸ್ತ್ರದವರಿಗೆ ಕಾರ್ಟೂನ್ ಪಾಠ ಹೊಸದೇನಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನೆ ತನ್ನ ಸೈನಿಕರಿಗೆಂದೇ 'ಪ್ರೈವೇಟ್ ಸ್ನಾಫು' ಎಂಬ ಕಿರುಚಿತ್ರ ಸರಣಿಯನ್ನು ಮಾಡಿಸಿತ್ತು. ವಾರ್ನರ್ ಬ್ರದರ್ಸ್‌ನ ಚಕ್ ಜೋನ್ಸ್ ಮೊದಲಾದವರ ನಿರ್ದೇಶನ, ಬರವಣಿಗೆಯಲ್ಲಿ ಮುಂದೆ ಡಾಕ್ಟರ್ ಸ್ಯೂಸ್ ಎಂದು ಮಕ್ಕಳ ಮನೆಮಾತಾದ ಥಿಯೊಡರ್ ಗೈಸೆಲ್. ಸ್ನಾಫು ಮಾಡುವುದೆಲ್ಲ ತಪ್ಪೇ. ಗುಟ್ಟು ಬಾಯಿಬಿಡುತ್ತಾನೆ, ಸೊಳ್ಳೆಪರದೆ ಕಟ್ಟದೆ ಮಲೇರಿಯಾ ತಂದುಕೊಳ್ಳುತ್ತಾನೆ. ನೋಡುವ ಸೈನಿಕ ಅವನನ್ನು ಕಂಡು ನಗುತ್ತಲೇ ತಾನು ಎಚ್ಚರಗೊಳ್ಳುತ್ತಾನೆ. ನಮ್ಮ ತರಬೇತಿ ವಿಡಿಯೊಗಳಿಗೆ ಬೇಕಾದ ಧೈರ್ಯ ಇದು. ಯಾವ ಇಲಾಖೆಯೂ ತನ್ನವರು ತಪ್ಪು ಮಾಡುವುದನ್ನು ತೋರಿಸುವ ಸ್ಕ್ರಿಪ್ಟಿಗೆ ಸುಲಭವಾಗಿ ಒಪ್ಪುವುದಿಲ್ಲ. ಆಗ ಉಳಿಯುವುದು ಅಚ್ಚುಕಟ್ಟಾದ ಅಧಿಕಾರಿ, ವಿನಯವಂತ ಆರೋಪಿ ಮತ್ತು ಹಿನ್ನೆಲೆಯಲ್ಲಿ ಕೊಳಲು. ಠಾಣೆ ವ್ಯಾಪ್ತಿ ನಮ್ಮದಲ್ಲ ಎಂದು ದೂರುದಾರಳನ್ನು ವಾಪಸು ಕಳಿಸುವ ಅಧಿಕಾರಿಯನ್ನು ತೋರಿಸದೆ, ವ್ಯಾಪ್ತಿ ಯಾವುದಿದ್ದರೂ ದೂರು ದಾಖಲಿಸಿಕೊಳ್ಳುವ ಝೀರೊ ಎಫ್‌ಐಆರ್ ಕಲಿಸುವುದು ಹೇಗೆ? ಬರೆದ ಪಾತ್ರದ ತಪ್ಪು ಯಾವ ಠಾಣೆಯ, ಯಾವ ಸಿಬ್ಬಂದಿಯ ಮರ್ಯಾದೆಗೂ ತಗುಲುವುದಿಲ್ಲ.

ಅನಿಮೇಷನ್ ಸರ್ವರೋಗಕ್ಕೂ ಮದ್ದು ಎಂದು ಮಾರುವವರ ಮಾತು ಮಾತ್ರ ನಂಬಬೇಡಿ. 2002ರಲ್ಲಿ ಮನಶ್ಶಾಸ್ತ್ರಜ್ಞೆ ಬಾರ್ಬರಾ ಟ್ವೆರ್‌ಸ್ಕಿ ಮತ್ತು ಸಂಗಡಿಗರು ಅನಿಮೇಷನ್ ಪಾಠಗಳ ಕುರಿತ ಅಧ್ಯಯನಗಳನ್ನು ಜಾಲಾಡಿ, ಒಂದೇ ಮಾಹಿತಿ ಕೊಟ್ಟಾಗ ಚಲಿಸುವ ಚಿತ್ರ ನಿಂತ ಚಿತ್ರಕ್ಕಿಂತ ಚೆನ್ನಾಗಿ ಕಲಿಸುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ ಎಂದರು. ಓಡುವ ಚಿತ್ರ ಮನಸ್ಸು ಹಿಡಿದುಕೊಳ್ಳುವ ಮೊದಲೇ ಮುಂದೆ ಹೋಗಿರುತ್ತದೆ. ಆದ್ದರಿಂದ ತುಂಡು ತುಂಡಾಗಿ ಮಾಡಿ, ನಡುವೆ ನಿಲ್ಲಿಸಿ, 'ಈಗ ನೀವೇನು ಮಾಡುತ್ತೀರಿ?' ಎಂದು ಕೇಳಬೇಕು. ಲಾಠಿ ಹಿಡಿತ, ಆಯುಧ ಬಳಕೆಯನ್ನಂತೂ ಮೈದಾನದಲ್ಲೇ ಕಲಿಯಬೇಕು. ಕಾರ್ಟೂನಿನಲ್ಲಿ ಪೆಟ್ಟಿಗೆ ನೋವೇ ಇರುವುದಿಲ್ಲ.

ಇನ್ನು ಭಾಷೆ. ಹಿಂದಿಯಲ್ಲಿ ಮಾಡಿದ್ದಕ್ಕೆ ಕನ್ನಡ ಡಬ್ಬಿಂಗ್ ಅಂಟಿಸಿದರೆ ತುಟಿ ಒಂದು ಕಡೆ, ಮಾತು ಒಂದು ಕಡೆ, ಗೋಡೆಯ ಫಲಕ ಇನ್ನೊಂದು ಕಡೆ. ಖಾನಾಪುರ, ಕಲಬುರಗಿ, ಚನ್ನಪಟ್ಟಣದ ತರಬೇತಿ ಶಾಲೆಗಳಲ್ಲಿ ಕೂರುವವರಿಗೆ ಠಾಣೆಯ ಕನ್ನಡದಲ್ಲೇ ಬರೆಸಬೇಕು. ಅದಕ್ಕೆ ಜನರಿಲ್ಲ ಎನ್ನುವಂತಿಲ್ಲ. 2012ರಲ್ಲೇ ಅನಿಮೇಷನ್ ಉದ್ಯಮಕ್ಕೆಂದು ದೇಶದಲ್ಲೇ ಮೊದಲ ನೀತಿ ತಂದ ರಾಜ್ಯ ನಮ್ಮದು. ಬೆಂಗಳೂರಿನ ಸ್ಟುಡಿಯೊಗಳು ಹೊರದೇಶದ ಸರಣಿಗಳಿಗೆ ದುಡಿಯುತ್ತಲೇ ಇವೆ.

ಇಲಾಖೆಗೆ ಒಂದು ಕೋರಿಕೆ. ತನಿಖೆಯ ಗುಟ್ಟು ಇರುವ ಪಾಠಗಳು ಪೊಲೀಸರಲ್ಲೇ ಇರಲಿ. ಝೀರೊ ಎಫ್‌ಐಆರ್, ಶೋಧದ ವಿಡಿಯೊ, ಮಗುವಿನ ಹೇಳಿಕೆ ಇಂಥವನ್ನು ಸಾರ್ವಜನಿಕರಿಗೂ ಕನ್ನಡದಲ್ಲೇ ತೆರೆದಿಡಿ. ಮೊದಲ ಫ್ರೇಮಿನಲ್ಲೇ ಕಲಂ ಸಂಖ್ಯೆ ಮತ್ತು ಕೊನೆಯ ಬಾರಿ ತಿದ್ದಿದ ದಿನಾಂಕವನ್ನು ದಪ್ಪಕ್ಷರದಲ್ಲಿ ಹಾಕಿ.