ಜಠರ ತೆಗೆದ ಮೇಲೆ ವರ್ಷ ಕಳೆದು ಬರುವ ಸುಸ್ತು



ಹೊಟ್ಟೆಯ ಕ್ಯಾನ್ಸರ್ ಆದ ಕೆಲವರಿಗೆ ಆಪರೇಷನ್ ಮಾಡಿ ಇಡೀ ಜಠರವನ್ನೇ, ಅಂದರೆ ಉಂಡ ಅನ್ನ ಮೊದಲು ಹೋಗಿ ಸೇರುವ ಚೀಲವನ್ನೇ ತೆಗೆಯುತ್ತಾರೆ. ಅನ್ನನಾಳವನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸುತ್ತಾರೆ. "ಅದಿಲ್ಲದೆ ಬದುಕೋದು ಹೇಗೆ?" ಎಂದು ಹಲವರು ಕೇಳುತ್ತಾರೆ. ಬದುಕಬಹುದು. 1897ರಲ್ಲೇ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಡಾ. ಕಾರ್ಲ್ ಶ್ಲಾಟರ್ ಒಬ್ಬ ಮಹಿಳೆಗೆ ಈ ಆಪರೇಷನ್ ಮಾಡಿದ್ದರು. ಆಕೆ ಒಂದು ವರ್ಷಕ್ಕೂ ಹೆಚ್ಚು ಕಾಲ ಬದುಕಿದರು. ಈಗ ಎಷ್ಟೋ ಮಂದಿ ಹಲವು ವರ್ಷ ಬಾಳುತ್ತಾರೆ. ಆದರೆ ಗಾಯ ಮಾಗಿತು, ಇನ್ನು ಮುಗೀತು ಅಂದುಕೊಳ್ಳುವುದೇ ಅಪಾಯ.

ಆಹಾರದ ಬಿ-12 ಜೀವಸತ್ವವನ್ನು ಕರುಳು ಹೀರಿಕೊಳ್ಳಬೇಕಾದರೆ ಜಠರದಲ್ಲಿ ಹುಟ್ಟುವ ಒಂದು ಪದಾರ್ಥ ಬೇಕು. ಜಠರ ಹೋದರೆ ಅದೂ ಹೋಯಿತು. ಆಮೇಲೆ ಹಾಲು, ಮೊಟ್ಟೆ, ಮೀನು ಎಷ್ಟು ತಿಂದರೂ ಬಿ-12 ಮೈಗೆ ಹತ್ತುವುದಿಲ್ಲ. ಆದರೂ ತಕ್ಷಣ ಏನೂ ಗೊತ್ತಾಗುವುದಿಲ್ಲ. ಲಿವರ್‌ನಲ್ಲಿ ಹಳೆಯ ದಾಸ್ತಾನು ಇರುತ್ತದೆ. ನಮ್ಮ ಸಂಘದಲ್ಲಿ ಉಳಿತಾಯ ಕಟ್ಟೋದು ನಿಂತರೂ ಇದ್ದ ದುಡ್ಡಿನಲ್ಲಿ ಸ್ವಲ್ಪ ದಿನ ನಡೆಯುತ್ತಲ್ಲ, ಹಾಗೆ. ಒಂದೆರಡು ವರ್ಷಕ್ಕೋ, ಕೆಲವರಿಗೆ ಇನ್ನೂ ತಡವಾಗಿಯೋ ಅದು ಖಾಲಿಯಾಗುತ್ತದೆ. ಆಗ ಸುಸ್ತು, ನಾಲಿಗೆ ಉರಿ, ಕೈಕಾಲು ಜೋಮು, ನಡೆಯುವಾಗ ತೂರಾಟ, ಮರೆವು. ಮನೆಯವರು "ವಯಸ್ಸಾಯ್ತಲ್ಲ" ಅಂತ ಸುಮ್ಮನಾಗುತ್ತಾರೆ. ತಡವಾದರೆ ನರಗಳಿಗೆ ಆದ ಹಾನಿ ಪೂರ್ತಿ ವಾಸಿಯಾಗದೇ ಇರಬಹುದು.

ಆದ್ದರಿಂದ ವೈದ್ಯರು ಹೇಳಿದ ಅಂತರದಲ್ಲಿ ಬಿ-12 ಇಂಜೆಕ್ಷನ್ ಜೀವಮಾನವಿಡೀ ಬೇಕು. "ಚೆನ್ನಾಗಿದ್ದೀನಲ್ಲ, ಸೂಜಿ ಯಾಕೆ?" ಅನ್ನಬೇಡಿ, ಚೆನ್ನಾಗಿರುವುದೇ ಆ ಸೂಜಿಯಿಂದ. ಜಠರದ ಒಂದು ಭಾಗ ಮಾತ್ರ ತೆಗೆದವರೂ ಆಗಾಗ ರಕ್ತ ಪರೀಕ್ಷೆ ಮಾಡಿಸಿಕೊಳ್ಳಬೇಕು. ಇನ್ನೊಂದು ಮಾತು: ರಕ್ತಹೀನತೆಗೆ ಕೊಡುವ ಕಬ್ಬಿಣದ ಮಾತ್ರೆಯಲ್ಲಿ ಫೋಲಿಕ್ ಆಮ್ಲವೂ ಇರುತ್ತದೆ. ಜಠರ ಇಲ್ಲದವರಿಗೆ ಕಬ್ಬಿಣವೂ ಕಡಿಮೆಯಾಗುವುದರಿಂದ ಆ ಮಾತ್ರೆ ಬೇಕಾಗಬಹುದು. ಆದರೆ ಅದೊಂದನ್ನೇ ನುಂಗುತ್ತಿದ್ದರೆ ರಕ್ತ ಸುಧಾರಿಸಿದಂತೆ ಕಾಣುತ್ತದೆ, ಒಳಗೆ ನರ ಸೊರಗುತ್ತಲೇ ಇರುತ್ತದೆ.

ಊಟದ ವಿಷಯ. ಸೊರಗಿದ್ದಾರೆ ಅಂತ ನಾವು ಪ್ರೀತಿಯಿಂದ ಬೆಲ್ಲ ಹಾಕಿದ ಗಂಜಿ, ಪಾಯಸ ಕೊಡುತ್ತೇವೆ. ಇವರಿಗೆ ಅದೇ ತೊಂದರೆ. ಸಿಹಿ ನೀರಾಹಾರ ಒಮ್ಮೆಲೇ ಕರುಳಿಗೆ ಇಳಿದು ಅರ್ಧ ಗಂಟೆಯೊಳಗೆ ಹೊಟ್ಟೆ ನುಲಿತ, ಎದೆಬಡಿತ, ಭೇದಿ. ಕೆಲವರಿಗೆ ಒಂದು ಗಂಟೆಯಿಂದ ಮೂರು ಗಂಟೆಯೊಳಗೆ ಸಕ್ಕರೆ ಅಂಶ ಇಳಿದು ಬೆವರು, ನಡುಕ. ದಿನಕ್ಕೆ ಐದಾರು ಸಲ ಸ್ವಲ್ಪ ಸ್ವಲ್ಪ, ಚೆನ್ನಾಗಿ ಅಗಿದು ತಿನ್ನಲಿ. ಬೇಳೆ, ಮೊಟ್ಟೆ, ಮೀನು ಇರಲಿ. ನೀರು ಊಟದ ಜೊತೆ ಬೇಡ, ಅರ್ಧ ಗಂಟೆ ಬಿಟ್ಟು ಕುಡಿಯಲಿ. ಮೂಳೆಯೂ ಸವೆಯುವುದರಿಂದ ಕ್ಯಾಲ್ಸಿಯಂ, ಡಿ ಜೀವಸತ್ವದ ಬಗ್ಗೆ ವೈದ್ಯರನ್ನು ಕೇಳಿ.

ನುಂಗಲು ಕಷ್ಟವಾದರೆ, ಪದೇ ಪದೇ ವಾಂತಿಯಾದರೆ, ತೂಕ ಇಳಿಯುತ್ತಲೇ ಹೋದರೆ ಮುಂದಿನ ತಪಾಸಣೆಯ ದಿನಕ್ಕೆ ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.